ಕಟ್ಟದೆ ಬಿಟ್ಟ ದಾರ

ನಮ್ಮ ಊರಿನಲ್ಲಿ ಬಣ್ಣದ ಬಟ್ಟೆ ಉಡುವ ಪದ್ಧತಿಯಿಲ್ಲ. ಕೂಸಿನ ಕುಲಾವಿಯಿಂದ ಹಿಡಿದು ಮುದುಕರ ಧೋತರದವರೆಗೆ ಎಲ್ಲವೂ ಬಿಳಿ. ಮದುವೆಯ ಸೀರೆಯೂ ಬಿಳಿಯೇ. ಹೊರಗಿನಿಂದ ಬಂದವರಿಗೆ ಅಗಸೆಬಾಗಿಲಿನಲ್ಲಿಯೇ ಬಿಳಿಯ ಅಂಗಿಯೊಂದನ್ನು ಕೊಟ್ಟು, ಅವರ ಬಣ್ಣದ ಬಟ್ಟೆಯನ್ನು ಗಂಟು ಕಟ್ಟಿ ಇಟ್ಟುಕೊಳ್ಳುತ್ತಾರೆ. ಹೋಗುವಾಗ ಹಿಂತಿರುಗಿಸುತ್ತಾರೆ. ಇಲ್ಲಿ ಮೈಮೇಲಿನಿಂದ ಇಳಿದ ಬಟ್ಟೆಯನ್ನು ಸೌಳು ಮಣ್ಣು ಕಲಸಿದ ನೀರಿನಲ್ಲಿ ಅದ್ದಿದರೆ ಬೆವರು ಬಣ್ಣ ಬಿಡುತ್ತದೆ. ಅಂಜಿಕೊಂಡವರದು ಅರಿಸಿನ. ಹಸಿ ಬಾಣಂತಿಯರದು ತಿಳಿನೀಲಿ. ದುಃಖದವರದು ಬೂದಿ. ಮೈ ಕುದಿಯುವ ಏರು ಬಂದವರದು ಇಟ್ಟಿಗೆಯ ಕೆಂಪು. ಅದನ್ನು ಮರೆಮಾಚುವ ಬಟ್ಟೆ ಯಾರೂ ಉಡಬಾರದೆಂದು ಹಿರಿಯರು ಮಾಡಿದರು, ನಾವು ನಡೆಸಿಕೊಂಡು ಬಂದೆವು.

ನಾನು ಆ ಬಟ್ಟೆಗಳನ್ನು ಒಗೆಯುವವನು. ಹೆಸರು ಕಲ್ಲಪ್ಪ. ಹೊಳೆಯ ದಂಡೆಯಲ್ಲಿ ಸಾಲಾಗಿ ಒಂಬತ್ತು ಕಲ್ಲುಗಳಿವೆ. ಓಣಿಗೊಂದು ಕಲ್ಲು, ಕಲ್ಲಿಗೊಂದು ಮಡಿವಾಳರ ಮನೆ. ಗಾಣಿಗರ ಓಣಿಯ ಕಲ್ಲು ನಮ್ಮದು. ತಂದೆಯ ಕೈಯಿಂದ ನನ್ನ ಕೈಗೆ ಬಂದು ನಲವತ್ತೆರಡು ವರ್ಷವಾಯಿತು. ನನ್ನ ಕೈಯಿಂದ ಅದು ಮಗ ಮಾಚಣ್ಣನ ಕೈಗೆ ಹೋಗಬೇಕಾಗಿತ್ತು. ಹೋಗಲಿಲ್ಲ. ಯಾಕೆ ಹೋಗಲಿಲ್ಲವೆಂಬುದನ್ನು, ಮಠದ ಅಯ್ಯನವರು ಚಿಕ್ಕಂದಿನಲ್ಲಿ ಕಲಿಸಿದ ನಾಲ್ಕು ಅಕ್ಷರದಲ್ಲಿ, ನಮ್ಮ ಮಡಿವಾಳರ ಕುಲದೇವರು ಮಾಚಯ್ಯ ತಂದೆಯ ಸಾಕ್ಷಿಯಾಗಿ ಬರೆದಿಡುತ್ತೇನೆ.

ಏರು ಎಂಬುದು ಪಾಪವಲ್ಲ. ದೇವರು ಮೈಯನ್ನು ಕೊಡುವಾಗ ಅದರೊಳಗಿನ ಬಿಸಿಯನ್ನೂ ಕೊಟ್ಟಿದ್ದಾನೆ. ಹದಿನಾರು ತುಂಬಿದ ಹುಡುಗರ ಅಂಗಿ ಒಂದು ವರ್ಷವಿಡೀ ಆಗಾಗ ಕೆಂಪಾಗಿ ಬರುತ್ತದೆ. ತಾಯಂದಿರು ಗಂಟು ಒಯ್ಯಲು ಬಂದಾಗ, "ಬಂತೇನ್ರಿ ನಮ್ಮ ಹುಡುಗಗ ಏರು?" ಎಂದು ನಗುತ್ತಲೇ ಕೇಳುತ್ತಾರೆ. ಹೆಂಗಸರ ಕುಪ್ಪಸದಲ್ಲಿ ತಿಂಗಳಿಗೆ ನಾಲ್ಕು ದಿನ ಮೂಡಿ ಮಾಯವಾಗುತ್ತದೆ. ನಮ್ಮ ಓಣಿಯ ಕಾಳವ್ವನಿಗೆ ಮುಟ್ಟು ನಿಲ್ಲುವ ಕಾಲಕ್ಕೆ ಐದು ವರ್ಷ ಸೀರೆ ಕೆಂಪಾಗಿ ಬಂತು. ಆ ಐದು ವರ್ಷದಲ್ಲಿ ಅವಳು ಒಡೆದ ಗಡಿಗೆಗಳಿಗೆ ಲೆಕ್ಕವಿಲ್ಲ, ಮನುಷ್ಯರನ್ನು ಮಾತ್ರ ಮುಟ್ಟಲಿಲ್ಲ. ಮೈ ಕುದಿಯತೊಡಗಿದರೆ ತಾನೇ ಹಿತ್ತಲಿಗೆ ಹೋಗುತ್ತಿದ್ದಳು. ಗಂಡ ಹಳೆಯ ಗಡಿಗೆಗಳನ್ನು ಅಲ್ಲಿ ಸಾಲಾಗಿ ಇಟ್ಟಿರುತ್ತಿದ್ದ. "ಗಡಿಗಿ ಎಷ್ಟು ಬೇಕಾದರೂ ತರ್ತೀನಿ, ತಲಿ ಮಾತ್ರ ನಂದು ಒಂದಾ ಐತಿ," ಎನ್ನುತ್ತಿದ್ದ.

ಇದಕ್ಕೆ ವಿರುದ್ಧವಾದುದನ್ನೂ ಕಂಡಿದ್ದೇನೆ. ಸವತಿಯ ಅಂಬಲಿಯಲ್ಲಿ ವಿಷ ಬೆರೆಸಿದ ಹೆಂಗಸೊಬ್ಬಳ ಸೀರೆಯನ್ನು ನನ್ನ ತಂದೆ ಚಾವಡಿಯ ಮುಂದೆ ಸೌಳಿನಲ್ಲಿ ಅದ್ದಿ ತೋರಿಸಿದ್ದರು. ಮಲ್ಲಿಗೆಯ ಹಾಗೆ ಬೆಳ್ಳಗೆ ಮೇಲೆದ್ದು ಬಂತು. ಅದನ್ನು ನೋಡಿದ ದಿನ ಜನ ಊಟ ಮಾಡಲಿಲ್ಲ.

ಚಾವಡಿಯ ಕಟ್ಟಳೆ ಹೀಗಿದೆ. ಜೀವ ತೆಗೆದವನ ಬಟ್ಟೆ ಅದಕ್ಕೆ ಮುಂಚೆ ಮೂರು ವಾರ ಕೆಂಪಾಗಿ ಬಂದಿದ್ದರೆ, ಅವನನ್ನು ಮೇಲ್ಹೊಳೆಯ ತಂಪು ಕೊಪ್ಪಲಿಗೆ ಕಳಿಸುತ್ತಾರೆ. ಅಲ್ಲಿ ಮದ್ದು, ತಣ್ಣೀರು, ದುಡಿಮೆ. ಬಟ್ಟೆ ಒಂದು ವರ್ಷ ಬೆಳ್ಳಗೆ ಬರುವ ತನಕ ಅಲ್ಲಿಯೇ ಇರಬೇಕು. ಜೀವ ತೆಗೆಯುವ ಮುಂಚೆ ಬಟ್ಟೆ ಬೆಳ್ಳಗೆ ಬಂದಿದ್ದವನನ್ನು ಗುಡ್ಡ ದಾಟಿಸುತ್ತಾರೆ. ಗುಡ್ಡದ ಆಚೆ ನೀರಿಲ್ಲ. ದಾಟಿದವರಲ್ಲಿ ಮರಳಿ ಬಂದವರಿಲ್ಲ.

ಅಷ್ಟು ದೂರ ಹೋಗದಿರಲಿ ಎಂದೇ ನಮಗೆ ದಾರದ ಕೆಲಸವನ್ನು ಒಪ್ಪಿಸಿದ್ದಾರೆ. ಗಂಟು ಬಿಚ್ಚಿ ಸೌಳಿಗೆ ಹಾಕುವವನು ಕಲ್ಲಿನ ಯಜಮಾನನೊಬ್ಬನೇ; ಮಕ್ಕಳೂ ಆಗ ದೂರ ನಿಲ್ಲಬೇಕು. ಯಾರ ಬಟ್ಟೆಯಾದರೂ ಮೂರು ವಾರ ಬಿಡದೆ ಕೆಂಪಾಗಿ ಬಂದರೆ, ಒಗೆದ ಗಂಟಿನ ಮೂಲೆಗೆ ಒಂದು ಕೆಂಪು ದಾರ ಕಟ್ಟಿ ಕೊಡಬೇಕು. ಬಾಯಿ ಬಿಡಬಾರದು. ದಾರ ಕಂಡ ಮನೆಯವರು ಕುಡುಗೋಲು ಕೊಡಲಿ ಎತ್ತಿಡುತ್ತಾರೆ, ಮದ್ದಿನ ಹುಸೇನಬಿಯನ್ನು ಕರೆಸುತ್ತಾರೆ, ತಂಪಿನ ಅಡಿಗೆ ಮಾಡುತ್ತಾರೆ. ನೆರೆಯವರು ಆ ಮನೆಯಲ್ಲಿ ಮೆತ್ತಗೆ ಮಾತಾಡುತ್ತಾರೆ, ಚೇಷ್ಟೆ ಮಾಡುವುದಿಲ್ಲ. "ಗಂಟಿನ ಮೂಲಿ ನೋಡಿ ಮಾತಾಡು" ಎಂಬುದು ನಮ್ಮವರ ಮಾತು. ಎಷ್ಟು ಕೆಟ್ಟ ದಿನಗಳು ಆ ಒಂದು ಗೇಣು ದಾರದಿಂದ ಬಾರದೆ ಹೋದವೋ ಆ ದೇವರೇ ಬಲ್ಲ. ಬಾರದೆ ಹೋದದ್ದನ್ನು ಎಣಿಸುವವರು ಯಾರು?

ದಾರಕ್ಕೆ ಇನ್ನೊಂದು ಮುಖವೂ ಉಂಟು. ದಾರ ಕಟ್ಟಿದ ಮನೆಗೆ ಬೀಗರು ಬರುವುದಿಲ್ಲ. ನನ್ನ ತಂದೆ ಸ್ವಂತ ಮಗಳ, ಅಂದರೆ ನನ್ನ ತಂಗಿಯ ಸೀರೆಗೇ ದಾರ ಕಟ್ಟಿದ್ದರು. ಕೂಡಿಬಂದ ಸಂಬಂಧ ತಪ್ಪಿತು. ಮುಂದೆ ಮೂವತ್ತು ವರ್ಷ ಅವಳ ಬಟ್ಟೆ ಬೂದಿಯಾಗಿಯೇ ಬಂತು, ಒಂಟಿಯಾಗಿ ತೀರಿಕೊಂಡಳು. ಅವಳನ್ನು ನೆನೆದಾಗಲೆಲ್ಲ ನನ್ನ ಕೈ ದಾರದ ಉಂಡೆಯ ಹತ್ತಿರ ಸ್ವಲ್ಪ ತಡೆಯುತ್ತಿತ್ತು.

ನಮ್ಮ ಓಣಿಯ ಗಾಣದ ಗೌರವ್ವ ಗಂಡನಿಲ್ಲದವಳು. ಒಬ್ಬನೇ ಮಗ ಭರಮಪ್ಪ, ಇಪ್ಪತ್ಮೂರು ವರ್ಷದವನು, ನಮ್ಮ ಮಾಚಣ್ಣನ ಸರೀಕ. ಇಬ್ಬರೂ ಒಂದೇ ಹೊಳೆಯಲ್ಲಿ ಈಜು ಕಲಿತವರು. ಭರಮ ಮೊದಲಿನಿಂದಲೂ ಸಾಧು. ಗಾಣದ ಎತ್ತಿಗೆ ಬಾರುಕೋಲು ಎತ್ತಿದವನಲ್ಲ. ಹೋದ ಸುಗ್ಗಿಯಲ್ಲಿ ಅವನ ಅಂಗಿ ಕೆಂಪಾಗಿ ಬಂತು. ಮರುವಾರವೂ ಬಂತು. ಮೂರನೆಯ ವಾರ ಸೌಳಿನ ಬಾನಿಯೇ ಕೆಂಪಾಯಿತು. ದಾರದ ಉಂಡೆ ಕೈಯಲ್ಲಿ ಹಿಡಿದು ಕೂತಿದ್ದೆ, ಗೌರವ್ವ ದಂಡೆಗೆ ಬಂದಳು.

"ಕಲ್ಲಣ್ಣಾ, ಕೆಂಪು ಬಂದೈತಿ ಹೌದಲ್ಲೋ?"

ಹೇಳುವ ಪದ್ಧತಿಯಿಲ್ಲ.

"ನನಗ ಗೊತ್ತೈತಿ ಬಿಡು. ಎಂಟು ರೊಟ್ಟಿ ತಿಂತಾನ, ಮ್ಯಾಲ ಮತ್ತ ಹಸಿವು ಅಂತಾನ, ಆದ್ರೂ ಎಲುಬು ಎಣಿಸಬಹುದು. ನಿದ್ದಿ ಅನ್ನೂದಾ ಇಲ್ಲ. ಚಳಿಗಾಲದಾಗ ಬರೇ ಮೈಲೆ ಅಂಗಳದಾಗ ಕುಂತಿರ್ತಾನ. ಬಟ್ಟಲ ಹಿಡಿದ್ರ ಕೈ ಗಡಗಡ. ಮದುವಿ ಆದ್ರ ತಣ್ಣಗಾಗ್ತಾನೋ ಯಣ್ಣಾ. ಮುಂದಿನ ತಿಂಗಳ ಬೀಗರು ಬರ್ತಾರ. ದಾರ ಕಂಡ್ರ ಅವರು ಹೊಸ್ತಿಲ ಸುದ್ದಾ ದಾಟಂಗಿಲ್ಲ. ಇದೊಂದು ತಿಂಗಳ ಕಟ್ಟಬ್ಯಾಡ. ನಿನ್ನ ತಂಗಿನ್ನ ನೆನಸಿಕೋ."

ನೆನೆದೆ. ಉಂಡೆಯನ್ನು ಕೆಳಗಿಟ್ಟೆ.

ಕೆಳಗಿಟ್ಟು ಸುಮ್ಮನಾಗಲಿಲ್ಲ, ಅದೇ ನನ್ನ ದೊಡ್ಡ ತಪ್ಪು. ಆ ಸಂಜೆ ಮಾಚಯ್ಯ ತಂದೆಯ ಗುಡಿಗೆ ಹೋಗಿ ದೀಪ ಹಚ್ಚಿದೆ. ಎಣ್ಣೆ ಗೌರವ್ವನ ಗಾಣದ್ದೇ. "ತಂದೆ, ಈ ಹುಡುಗನನ್ನು ನೀನೇ ನೋಡಿಕೋ," ಎಂದು ಕೈಮುಗಿದೆ. ಐದು ವಾರ ದಿನಾ ಹಚ್ಚಿದೆ. ಪ್ರತಿ ವಾರವೂ ಅಂಗಿ ಕೆಂಪಾಗಿಯೇ ಬಂತು, ಪ್ರತಿ ವಾರವೂ ಅದನ್ನು ಹಾಲಿನ ಹಾಗೆ ಬೆಳ್ಳಗೆ ಮಾಡಿ ದಾರವಿಲ್ಲದ ಗಂಟು ಕಟ್ಟಿ ಕೊಟ್ಟೆ. ನನ್ನ ಕೈಗೆಂದು ಕೊಟ್ಟ ಕೆಲಸವನ್ನು ದೇವರ ತಲೆಗೆ ಕಟ್ಟಿ, ಅದನ್ನೇ ಭಕ್ತಿ ಎಂದುಕೊಂಡೆ.

ಎಂಟನೆಯ ವಾರದ ಗಂಟನ್ನು ಗಾಣದ ಮನೆಗೆ ಒಯ್ದವನು ಮಾಚಣ್ಣ. ನನ್ನ ಮಗ ಚೇಷ್ಟೆಯವನು, ಆದರೆ ಮಡಿವಾಳರ ಮನೆಯಲ್ಲಿ ಹುಟ್ಟಿದವನು. ಎಲ್ಲಿಯೇ ಗಂಟು ಇಳಿಸಿದರೂ ಮೊದಲು ಅದರ ಮೂಲೆ ನೋಡಿಯೇ ಬಾಯಿ ತೆರೆಯುತ್ತಿದ್ದ. ಅಂದೂ ನೋಡಿದನಂತೆ. ಗೌರವ್ವ ಅಲ್ಲಿಯೇ ಹಿಂಡಿ ಬಾಚುತ್ತಿದ್ದಳು, ಅವಳೇ ಹೇಳಿದ್ದು. ಮೂಲೆಯಲ್ಲಿ ದಾರವಿರಲಿಲ್ಲ. ಮನೆಯಲ್ಲಿ ಮದುವೆಯ ಮಾತು ನಡೆದಿತ್ತು. ಗೆಳೆಯನನ್ನು ಕಂಡು ನಕ್ಕನಂತೆ.

"ಏನೋ ಮದುಮಗಾ, ಹೆಣ್ಣು ನೋಡಾಕ ಹೊಂಟೀಯೋ, ಹೆದರಿಸಾಕ ಹೊಂಟೀಯೋ? ಆ ಕಣ್ಣು ನೋಡಿದ್ರ ಎಮ್ಮಿನೂ ಅಂಜಿ ಹಾಲು ಏರಸ್ತೈತಿ!"

ಗಾಣಕ್ಕೆ ಒರಗಿಸಿದ್ದ ಜಾಲಿಯ ಬಡಿಗೆ ಭರಮನ ಕೈಗೆ ಬಂದದ್ದನ್ನು ಗೌರವ್ವ ಕಾಣಲಿಲ್ಲ. ಸದ್ದು ಕೇಳಿ ತಿರುಗಿದಳು. ಒಂದೇ ಏಟು. ಬಡಿಗೆಯನ್ನು ಎಸೆದು ಭರಮ ನೆಲಕ್ಕೆ ಕೂತು, ತನ್ನ ಅಂಗಿಯನ್ನೇ ಬಿಚ್ಚಿ ಮಾಚಣ್ಣನ ತಲೆಗೆ ಒತ್ತಿ ಹಿಡಿದು, "ಏಳೋ ಮಾಚ್ಯಾ, ಏಳೋ," ಎಂದು ಕರೆಯುತ್ತಲೇ ಇದ್ದನಂತೆ. ನಾನು ಓಡಿ ಹೋದಾಗಲೂ ಕರೆಯುತ್ತಿದ್ದ.

ಇಪ್ಪತ್ನಾಲ್ಕು ವರ್ಷದ ಮಗನನ್ನು ಮಣ್ಣಿಗೆ ಕೊಟ್ಟ ಮಾತನ್ನು ಹೆಚ್ಚು ಬರೆಯಲಾರೆ. ಅವನ ಹಾಸಿಗೆಯ ದುಪ್ಪಟಿ ಇನ್ನೂ ಒಗೆದಿಲ್ಲ.

ಆ ದಿನದ ಭರಮನ ಅಂಗಿಯನ್ನು ಸೌಳಿನಲ್ಲಿ ಅದ್ದಿ ಪ್ರಯೋಜನವಿರಲಿಲ್ಲ. ರಕ್ತದಲ್ಲಿ ನೆನೆದ ಬಟ್ಟೆಯಲ್ಲಿ ಯಾವ ಕೆಂಪು ಯಾವುದೆಂದು ಹೇಳುವವರಾರು? ಹಿಂದಿನ ಅಂಗಿಗಳೆಲ್ಲ ನಾನು ಒಗೆದು ಬೆಳ್ಳಗೆ ಮಾಡಿದವು. ಹೆತ್ತವಳ ಮಾತು ಚಾವಡಿಯಲ್ಲಿ ನಡೆಯದು. ಉಳಿದದ್ದು ಕಲ್ಲಿನ ಮಾತು, ಎಂದರೆ ನನ್ನ ಮಾತು. ಸತ್ತವನ ತಂದೆ ಸಾಕ್ಷಿ ಹೇಳಬಹುದೇ ಎಂದು ಯಾರೋ ಕೇಳಿದರಂತೆ. ಚಾವಡಿಯ ಹಿರಿಯರಾದ ಅಡಿವೆಪ್ಪನವರು, "ಕಲ್ಲಿಗೆ ಮಗ ಇಲ್ಲ, ಕಲ್ಲಿಗೆ ವೈರಿ ಇಲ್ಲ," ಎಂಬ ಹಳೆಯ ಮಾತನ್ನೇ ಹೇಳಿ, ಸೂತಕ ಕಳೆದ ಮೇಲಿನ ಒಂದು ದಿನ ಗೊತ್ತು ಮಾಡಿದರು.

ಬೆಳ್ಳಗಿತ್ತು ಎಂದು ನಾನು ಹೇಳಿದರೆ ಭರಮ ಗುಡ್ಡ ದಾಟುತ್ತಾನೆ, ನನ್ನ ತಪ್ಪು ಅವನ ಸಂಗಡವೇ ದಾಟುತ್ತದೆ. ಕೆಂಪಿತ್ತು ಎಂದರೆ ಅವನು ಉಳಿಯುತ್ತಾನೆ. ಹಾಗಾದರೆ ದಾರವೆಲ್ಲಿ ಎಂದು ಕೇಳುತ್ತಾರೆ. ಚಾವಡಿ ಕೇಳಿದರೆ ತಾಳಿಕೊಂಡೇನು. ಹೆಂಗಸರ ಸಾಲಿನಲ್ಲಿ ನನ್ನ ಹೆಂಡತಿ ಬಾಳವ್ವ ಕೂತಿರುತ್ತಾಳೆ. ದಾರ ಕಟ್ಟಿದ್ದರೆ ಮಗ ಆ ಚೇಷ್ಟೆ ಮಾಡುತ್ತಿರಲಿಲ್ಲ ಎಂಬುದನ್ನು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಆ ದಿನಗಳಲ್ಲಿ ನಾನು ಬೆಳ್ಳಗಿತ್ತು, ಬೆಳ್ಳಗಿತ್ತು ಎಂದು ನನಗೆ ನಾನೇ ಹೇಳಿಕೊಳ್ಳುತ್ತ ತಿರುಗಿದೆ. ಹೇಳಿಕೊಂಡಷ್ಟೂ ಅದು ನಿಜವೆನಿಸುತ್ತ ಬಂತು. ಕೊಟ್ಟಿಗೆಯ ಮೂಲೆಯಲ್ಲಿದ್ದ ಕೊಡಲಿಯನ್ನು ನಾನು ಮುಟ್ಟಲಿಲ್ಲ. ಆದರೆ ಅದು ಎಲ್ಲಿದೆಯೆಂಬುದು ಪ್ರತಿ ಗಳಿಗೆಯೂ ಗೊತ್ತಿರುತ್ತಿತ್ತು. ಜಪಕ್ಕೆ ಕೂತರೆ ಲಿಂಗದ ಬದಲು ಭರಮನ ಕೊರಳು ಕಾಣುತ್ತಿತ್ತು. ಒಂದು ದಿನ ಹೊಳೆಯ ಆಚೆ ದಂಡೆಯಲ್ಲಿ ಗೌರವ್ವ ನಿಂತಿದ್ದಳು.

"ನಾ ಏನೂ ಕೇಳಾಕ ಬಂದಿಲ್ಲೋ ಅಣ್ಣಾ," ಎಂದು ಅಲ್ಲಿಂದಲೇ ಕೂಗಿದಳು. "ಒಮ್ಮೆ ಕೇಳಿದ್ದಾ ಸಾಕಾತು."

ನಾನು ಮನೆಯ ಕಡೆ ತಿರುಗಿದೆ.

ಚಾವಡಿಯ ದಿನ ಬೆಳಿಗ್ಗೆ ಸ್ನಾನ ಮಾಡಿ ಬಂದೆ. ಬಾಳವ್ವ ಮಡಿಸಿಟ್ಟ ಧೋತರವನ್ನು ಎತ್ತಿಕೊಂಡೆ. ಅದರ ಅಂಚಿಗೆ ಕೆಂಪು ದಾರ ಕಟ್ಟಿತ್ತು. ಸೂತಕದಲ್ಲಿ ನಾನು ಕಲ್ಲಿಗೆ ಹೋಗಿರಲಿಲ್ಲ. ಮನೆಯ ಬಟ್ಟೆಯನ್ನು ಅವಳೇ ಹಿತ್ತಲಿನ ಬಾನಿಯಲ್ಲಿ ಒಗೆಯುತ್ತಿದ್ದಳು.

"ಇದೇನಿದು?"

"ಕಾಣಂಗಿಲ್ಲೇನು? ದಾರ."

"ನನಗ?"

"ಮೂರು ವಾರ ಆತು," ಎಂದಳು, ಒಲೆಯ ಕಡೆಯಿಂದ ತಿರುಗದೆಯೇ. "ಮೊದಲ ವಾರ ಕೆಂಪಿನ ಸಂಗಡ ಬೂದಿನೂ ಬಂದಿತ್ತು. ಆಮ್ಯಾಲ ಬೂದಿನಾ ಕಾಣಲಿಲ್ಲ, ಬರೇ ಕೆಂಪು. ಊರ ಮಂದಿ ಗಂಟೆಲ್ಲಾ ನೀನು ಬಿಚ್ಚತಿ, ನಿನ್ನ ಗಂಟು ಬಿಚ್ಚವ್ರು ಯಾರು? ಕೊಡ್ಲಿ ನಿನ್ನೆ ಬಡಿಗ್ಯಾರ ಮನಿಗೆ ಕೊಟ್ಟು ಬಂದೀನಿ. ಬಾ, ಅಂಬಲಿ ಕುಡಿ. ಮಜ್ಜಿಗಿ ಹಾಕೀನಿ."

ಅವಳ ಸೀರೆ ಹಿತ್ತಲಿನಲ್ಲಿ ಒಣಗುತ್ತಿತ್ತು. ನನ್ನ ಮಗ ಅವಳಿಗೂ ಮಗನೇ. ಆದರೂ ಆ ದುಃಖದ ನಡುವೆ ನನ್ನ ಬಟ್ಟೆಯನ್ನು ಸೌಳಿಗೆ ಹಾಕಿ, ನೋಡಿ, ವಾರ ಎಣಿಸಿ, ದಾರ ಕಟ್ಟಿದ್ದಳು. ಎದೆಯೊಳಗೆ ಕಾದ ಹಂಚಿನ ಮೇಲೆ ನೀರು ಬಿದ್ದಂತಾಯಿತು. ಏರು ಹೋಯಿತೆಂದಲ್ಲ. ಇದು ಏರು, ಇದು ನಾನು ಎಂದು ಬೇರೆ ಮಾಡಿ ನೋಡಲು ಒಂದು ಗೆರೆ ಸಿಕ್ಕಿತು. ಅಂಬಲಿ ಕುಡಿದೆ. ದಾರ ಬಿಚ್ಚದೆಯೇ ಧೋತರ ಉಟ್ಟು ಹೊರಟೆ.

ಚಾವಡಿ ತುಂಬಿತ್ತು. "ಮಡಿವಾಳನ ಧೋತ್ರಕ್ಕಾ ದಾರ!" ಎಂದು ಯಾರೋ ಅಂದರು; ಯಾರೋ ನಗಲು ಹೋಗಿ ನಿಲ್ಲಿಸಿದರು. ನಮ್ಮ ಒಗೆಯುವ ಕಲ್ಲಿನಿಂದ ಒಡೆದ ಚಕ್ಕೆಯೊಂದನ್ನು ಎದುರಿಗೆ ಇಟ್ಟಿದ್ದರು. ಅದರ ಮೇಲೆ ಕೈಯಿಟ್ಟು ಹೇಳಬೇಕು. ಕಂಬದ ಹತ್ತಿರ ಭರಮ ಕೂತಿದ್ದ. ಅವನನ್ನು ಇಪ್ಪತ್ತೆರಡು ದಿನಗಳ ಮೇಲೆ ನೋಡಿದ್ದು. ಕಣ್ಣು ಮುಂದಕ್ಕೆ ದೂಡಿದಂತಿದ್ದವು. ಕೊರಳಲ್ಲಿ ನೆಲ್ಲಿಕಾಯಿಯಷ್ಟು ಉಬ್ಬು ಎದ್ದಿತ್ತು. ಕೈಗಳನ್ನು ತೊಡೆಯ ಕೆಳಗೆ ಅದುಮಿಟ್ಟುಕೊಂಡಿದ್ದರೂ ತೋಳು ನಡುಗುವುದು ಕಾಣುತ್ತಿತ್ತು. ಎಂಟು ವಾರ ಅವನ ಅಂಗಿ ನೋಡಿದವನು ಒಮ್ಮೆಯಾದರೂ ಅವನ ಮುಖ ನೋಡಲು ಹೋಗಿರಲಿಲ್ಲ.

ಅಡಿವೆಪ್ಪನವರು ಅವನನ್ನೇ ಮೊದಲು ಕೇಳಿದರು. "ಮೈ ಕುದೀತು ಅಂತೀ. ಕೈ ಎತ್ತಿತು. ಮೈಗೂ ಕೈಗೂ ನಡುವ ಒಬ್ಬಾವ ಇರಬೇಕಲ್ಲೋ ತಮ್ಮಾ. ಅವ ಎಲ್ಲಿದ್ದ?"

ಭರಮ ತಲೆ ಎತ್ತಿದ. "ಗೊತ್ತಿಲ್ರಿ ಯಪ್ಪಾ. ಅವತ್ತಿಂದ ಹುಡುಕಾಕ ಹತ್ತೀನಿ."

ಆಮೇಲೆ ನನ್ನ ಕಡೆ ತಿರುಗಿದರು. ಚಕ್ಕೆಯ ಮೇಲೆ ಕೈಯಿಟ್ಟೆ.

"ಕೆಂಪಿತ್ರಿ," ಎಂದೆ. "ಎಂಟು ವಾರ ಕೆಂಪಿತ್ತು."

"ದಾರ?"

"ಕಟ್ಟಲಿಲ್ರಿ."

ಹೆಂಗಸರ ಸಾಲಿನ ಕಡೆ ನೋಡುವ ಧೈರ್ಯವಾಗಲಿಲ್ಲ. ಗೌರವ್ವ ಎದ್ದು ನಿಂತದ್ದು ಕಣ್ಣಂಚಿನಲ್ಲಿ ಕಂಡಿತು. "ಯಪ್ಪಾ, ನಾನಾ ಅವಗ..." ಎಂದಳು. "ಹೆತ್ತಾಕಿ ಮಾತು ಇಲ್ಲಿ ಬ್ಯಾಡವ್ವ, ಕೂಡ್ರು," ಎಂದು ಹಿರಿಯರು ಅವಳನ್ನು ಕೂಡಿಸಿದರು. ಯಾಕೆ ಕಟ್ಟಲಿಲ್ಲವೆಂದು ನನ್ನನ್ನೇ ಕೇಳಿದರು.

"ಕನಿಕರ ಬಂತ್ರಿ. ದೇವರಿಗೆ ದೀಪ ಹಚ್ಚಿದೆ, ದಾರ ಕಟ್ಟಲಿಲ್ಲ." ಅಲ್ಲಿಗೆ ನಿಲ್ಲಬೇಕೆಂದಿದ್ದೆ. ಮಾತು ತಾನೇ ಮುಂದೆ ಬಂತು. "ನೀವು ಇವಗ ಕೇಳಿದ್ದಕ್ಕ ನಾನೂ ಉತ್ತರ ಹೇಳಬೇಕ್ರಿ. ಇವತ್ತು ಮುಂಜಾನಿ ತನಕ ನನ್ನ ಮೈ ಬಿಳಿ ಅಂತ ಹೇಳು, ಇವನ್ನ ಗುಡ್ಡಾ ದಾಟಸು ಅಂತಿತ್ತು. ಈಗೂ ಅಂತೈತಿ. ನನಗ ದಾರ ಕಟ್ಟಾಕ ಮನಿಯಾಕಿ ಇದ್ದಳು, ಅದಕ್ಕ ನಡುವ ನಿಂತು ಮಾತಾಡಾಕ ಹತ್ತೀನಿ. ಇವಗ ಕಟ್ಟಬೇಕಾದಾವ ನಾನಿದ್ದೆ. ನಡುವ ಇರಬೇಕಾದಾವ ಇವನೊಬ್ಬನಾ ಅಲ್ರಿ. ನಾನೂ ಇರಬೇಕಿತ್ತು."

ಅಡಿವೆಪ್ಪನವರು ತೀರ್ಪು ಹೇಳಿದರು. ಬಡಿಗೆ ಎತ್ತಿದ್ದು ಭರಮನ ಕೈಯೇ, ಆ ಭಾರ ಅವನಿಂದ ಇಳಿಯದು ಎಂದರು. ಅವನನ್ನು ತಂಪು ಕೊಪ್ಪಲಿಗೆ ಕಳಿಸಿದರು. ನನಗೆ, "ಕಲ್ಲು ನಿನ್ನ ಕೈಯಿಂದ ಇಳೀತು ಕಲ್ಲಪ್ಪ. ಬಾಳವ್ವ ಹಿಡದ್ರ ಅದು ನಿಮ್ಮ ಮನ್ಯಾಗ ಉಳೀತೈತಿ," ಎಂದರು. ಬಾಳವ್ವ ಎದ್ದು ಬಂದಳು. ನನ್ನ ಮುಖ ನೋಡಲಿಲ್ಲ. ಆ ಚಕ್ಕೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ನನಗಿಂತ ಮುಂದೆ ಮನೆಗೆ ನಡೆದಳು.

ಮುಂದೆ ಅವಳು ನನ್ನೊಡನೆ ಮಾತಾಡಲಿಲ್ಲ. ರೊಟ್ಟಿ ಬಡಿದು ಹಾಕುತ್ತಿದ್ದಳು, ಮಜ್ಜಿಗೆ ಇಡುತ್ತಿದ್ದಳು, ನನ್ನ ಧೋತರ ಕೆಂಪಾಗಿ ಬಂದ ವಾರ ದಾರ ಕಟ್ಟುತ್ತಿದ್ದಳು, ಬಾರದ ವಾರ ಬಿಡುತ್ತಿದ್ದಳು. ಮಾತಿಲ್ಲ. ಬೆಳಿಗ್ಗೆ ಅವಳು ಕಲ್ಲಿನ ಹತ್ತಿರ ಗಂಟು ಬಿಚ್ಚುವಾಗ ನಾನು ದೂರದ ಹೊಂಗೆಯ ಕೆಳಗೆ ನಿಲ್ಲುತ್ತಿದ್ದೆ. ಸೌಳಿನ ಕೆಲಸ ಮುಗಿದ ಮೇಲೆ ಹೋಗಿ ಬಟ್ಟೆ ಬಡಿಯುತ್ತಿದ್ದೆ. ಗುಡಿಗೆ ಈಗಲೂ ಹೋಗುತ್ತೇನೆ. ನನ್ನ ಕೆಲಸವನ್ನು ಅಲ್ಲಿ ಇಳಿಸಿ ಬರುವುದಿಲ್ಲ.

ಕೊಪ್ಪಲಿನಲ್ಲಿದ್ದವರ ಬಟ್ಟೆ ಅವರವರ ಓಣಿಯ ಕಲ್ಲಿಗೇ ಬರಬೇಕು. ಹೀಗಾಗಿ ಭರಮನ ಗಂಟು ವಾರಕ್ಕೊಮ್ಮೆ ಬಾಳವ್ವನ ಮುಂದೆ ಬಂದು ಬೀಳುತ್ತಿತ್ತು. ಕೊಪ್ಪಲಿನಲ್ಲಿ ಹೊಸಬರನ್ನು ಸುತ್ತಿಗೆ ಕೊಟ್ಟು ಕಲ್ಲು ಒಡೆಯುವ ಸಾಲಿನಲ್ಲಿ ಕೂಡಿಸುತ್ತಾರೆ, ಮಗ್ಗುಲಲ್ಲಿ ಇನ್ನೂ ಹತ್ತು ಮಂದಿ, ಹತ್ತು ಸುತ್ತಿಗೆ. ಗಂಟಿನಲ್ಲಿ ದಾರ ಬಂದರೆ ಮಾತ್ರ ಹುಸೇನಬಿ ಅವರನ್ನು ಎಬ್ಬಿಸಿ ಮದ್ದಿನ ಮನೆಗೆ ಒಯ್ಯುತ್ತಾಳೆ. ದಾರ ಕಟ್ಟುವುದು ಕಲ್ಲಿನವರ ಕೈಯಲ್ಲಿರುವ ಮಾತು. ಬಾಳವ್ವ ಕಟ್ಟದಿದ್ದರೆ ಊರಿನಲ್ಲಿ ಯಾರೂ ಯಾಕೆ ಎಂದು ಕೇಳುತ್ತಿರಲಿಲ್ಲ. ಕೇಳಲು ನನಗಂತೂ ಬಾಯಿರಲಿಲ್ಲ.

ಮೊದಲ ವಾರ ಬಾನಿ ಕೆಂಪಾದದ್ದು ಹೊಂಗೆಯ ಕೆಳಗಿನಿಂದಲೇ ಕಂಡಿತು. ಎರಡನೆಯ ವಾರವೂ ಕಂಡಿತು. ಮೂರನೆಯ ವಾರ ಅವಳು ಆ ಅಂಗಿಯನ್ನು ನೀರಿನಿಂದ ಎತ್ತಿ ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತಳು. ಮೊಣಕೈಯಿಂದ ಕೆಂಪು ನೀರು ಇಳಿಯುತ್ತಿತ್ತು. ಆಮೇಲೆ ನನ್ನನ್ನು ಕರೆಯದೆ ತಾನೇ ಅದನ್ನು ಬಡಿದಳು, ಜಾಲಿಸಿದಳು, ಒಣಗಿಸಿದಳು. ಬಿಸಿಲು ಇಳಿಯುವ ಹೊತ್ತಿಗೆ ಮಡಿಸಿ ಗಂಟು ಕಟ್ಟಿದಳು. ನಾನು ಹತ್ತಿರ ಹೋಗಿ ನಿಂತೆ. ಅವಳು ದಾರದ ಉಂಡೆಯಿಂದ ಒಂದು ಗೇಣು ಹಲ್ಲಿನಲ್ಲಿ ಕಡಿದು, ಗಂಟಿನ ಮೂಲೆಗೆ ಸುತ್ತಿ ಒಂದು ಗಂಟು ಹಾಕಿದಳು. ಎಳೆದು ನೋಡಿದಳು. ಅದರ ಮೇಲೆ ಇನ್ನೊಂದು ಹಾಕಿದಳು.

"ಸಡ್ಲ ಕಟ್ಟಿದ್ರ ದಾರ್ಯಾಗ ಬಿಚ್ಚಿ ಹೋಗತೈತಿ," ಎಂದಳು.

ಆಮೇಲೆ ಗಂಟನ್ನು ಎತ್ತಿ ನನ್ನ ಹೆಗಲ ಮೇಲಿಟ್ಟಳು. "ಹೊತ್ತು ಮುಳಗೂದ್ರಾಗ ಕೊಪ್ಪಲಕ್ಕ ಮುಟ್ಟಿಸಿ ಬಾ. ಮೂಲಿ ಕಾಣೂ ಹಂಗ ಹಿಡಕೋ."